ಕರೆಯದೆ ಒಳಗೆ ಬಾರದವರು

ಶಿವರಾತ್ರಿ ಇನ್ನೂ ದೂರವಿದ್ದರೂ ಆ ವರ್ಷ ರೇಣುಕಯ್ಯನವರ ಹೊಲದ ಬದುವಿನ ಹುಣಸೆಮರಗಳು ಬೇಗ ಹಣ್ಣಾಗಿದ್ದವು. ಬೆಳಗಿನಿಂದ ಗಂಡಾಳುಗಳು ಮರ ಹತ್ತಿ ಗಳದಲ್ಲಿ ಕೊಂಬೆ ಬಡಿಯುತ್ತಿದ್ದರು. ಒಣಗಿದ ಹಣ್ಣು ನೆಲಕ್ಕೆ ಸುರಿಯುವ ಸದ್ದು ಸಿದ್ದರಬೆಟ್ಟದ ರಸ್ತೆ ದಾಟಿ ಊರೊಳಗಿನ ಅವರ ಜಗಲಿಯವರೆಗೂ ಬರುತ್ತಿತ್ತು.

ಜಗಲಿಯ ಮೇಲೆ ಹೆಂಗಸರ ಸಾಲು. ಒಬ್ಬಳು ಸಿಪ್ಪೆ ಒಡೆದು ಪಕ್ಕಕ್ಕೆ ತಳ್ಳುತ್ತಾಳೆ, ಅವಳ ಪಕ್ಕದವಳು ನಾರು ಎಳೆಯುತ್ತಾಳೆ, ಕೊನೆಯವಳು ಬೀಜ ಬಿಡಿಸಿ ಮಂಕರಿಗೆ ಹಾಕುತ್ತಾಳೆ. ಇಡೀ ಹಣ್ಣನ್ನು ಒಬ್ಬಳೇ ಬಿಡಿಸುವ ಪದ್ಧತಿ ಆ ಊರಿನಲ್ಲಿಲ್ಲ. ಕೂತವರೆಲ್ಲ ಅದೇ ಬೀದಿಯವರು, ಮುಯ್ಯಿ ಬಂದವರು. ಇವತ್ತು ಇವರ ಜಗಲಿ, ನಾಳೆ ಅವರ ಜಗಲಿ. ನಡುವೆ ಕೂಲಿಯ ಮಾತಿಲ್ಲ; ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆಯೇ ಸಲ್ಲಬೇಕು. ಮರ ಬಡಿಯುವವರಿಗೆ ಮಾತ್ರ ಕೂಲಿ. ಅವರು ಕಾಲೋನಿಯವರು.

ಬೀಜ ಬಿಡಿಸುವುದು ರೇಣುಕಯ್ಯನವರ ಮಗಳು ಲೋಹಿತಾಳ ಪಾಲು. ಆ ಕೆಲಸಕ್ಕೆ ಕೂತವರು ಅಂಗೈಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಾರೆ, ಇಲ್ಲದಿದ್ದರೆ ಹುಳಿ ಬೆರಳ ಸಂದಿಯನ್ನು ತಿಂದುಬಿಡುತ್ತದೆ. ಲೋಹಿತಾ ಹಚ್ಚಿಕೊಂಡಿರಲಿಲ್ಲ. ತೋರುಬೆರಳಿನ ತುದಿ ಸೀಳಿ, ಸೀಳಿನೊಳಗೆ ಹಣ್ಣಿನ ಕಂದು ತುಂಬಿಕೊಂಡಿತ್ತು.

"ಉರಿಯಾಕಿಲ್ವೇನೇ?" ಎಂದರು ತಾಯಿ ಚನ್ನಮಲ್ಲಮ್ಮ.

"ಇಲ್ಲವ್ವ."

ಸುಳ್ಳಲ್ಲ. ಅವಳಿಗೆ ಉರಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಸಿರಾದ ಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಾಗ ಫೋನ್ ಬಂದಿತ್ತು. ಹೈವೇಯಲ್ಲಿ ಗಂಡ ಪ್ರಸನ್ನಕುಮಾರನ ಬೈಕಿಗೆ ಲಾರಿ ತಗುಲಿತ್ತು. ಅವಳು ಫೋನ್ ಕೆಳಗಿಟ್ಟು, ಅಕ್ಕಿ ತೊಳೆದು ಮುಗಿಸಿ, ಕುಕ್ಕರಿಗೆ ಹಾಕಿ, ಆಮೇಲೆ ಪಕ್ಕದ ಮನೆಯವರನ್ನು ಕರೆದಿದ್ದಳು. ಅವತ್ತೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ತವರಿಗೆ ಬಂದ ಮೇಲೆ ಹೇಳಿದ ಕೆಲಸ ಮಾಡುತ್ತಿದ್ದಳು, ಇಟ್ಟ ಊಟ ಉಣ್ಣುತ್ತಿದ್ದಳು. ಸಾರಿಗೆ ಉಪ್ಪು ಮರೆತ ದಿನವೂ ಸುಮ್ಮನೆ ಉಂಡು ಎದ್ದಿದ್ದಳು. ಅವತ್ತು ಚನ್ನಮಲ್ಲಮ್ಮ ಹಿತ್ತಲಿಗೆ ಹೋಗಿ ಅತ್ತಿದ್ದರು.

ಹೊತ್ತು ಏರುವಾಗ ಆಶಾ ಕಾರ್ಯಕರ್ತೆ ವನಜಾಕ್ಷಿ ಗುಲಾಬಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಕಾಲೋನಿಯವಳು. ಎಲ್ಲರ ಮನೆಗೂ ಹೋಗುತ್ತಾಳೆ, ಎಲ್ಲರ ಬಿ.ಪಿ., ಶುಗರ್ ಅವಳಿಗೆ ಬಾಯಿಪಾಠ. ಬಂದರೆ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಾಳೆ. ಅಲ್ಲೇ ಕೂರು ಎಂದು ಯಾರೂ ಹೇಳಿದ್ದಲ್ಲ.

"ಏನೇ ವನಜಾ, ಬ್ಯಾಗು ಉಬ್ಬೈತೆ?" ಎಂದಳು ಸಾಲಿನಲ್ಲಿ ಒಬ್ಬಳು.

"ಕಬ್ಬಿಣದ ಮಾತ್ರೆ ಕಣಮ್ಮ. ಜೊತೇಗೆ ಇದೊಂದು." ಬ್ಯಾಗಿನಿಂದ ರಟ್ಟು ಹರಿದುಹೋದ ದಪ್ಪ ಪುಸ್ತಕ ತೆಗೆದಳು. "ರಕ್ತ ಕುಡಿಯೋನ್ ಕತೆ. ವ್ಯಾಂಪೈರು. ತಿರುಮಣೀಲಿ ಸೋಲಾರ್ ಪಾರ್ಕಿನ ಹುಡುಗರ ರೂಮಲ್ಲಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಓಡಾಡ್ತಿತ್ತಂತೆ. ಅಲ್ಲೇ ಕೆಲ್ಸ ಮಾಡೋ ನಮ್ಮ ದೊಡ್ಡಪ್ಪನ ಮಗ ಅಶ್ವತ್ಥಣ್ಣ ತಂದಿದ್ದ. ನಾನು ಎತ್ಕಂಡ್ ಬಂದ್ಬುಟ್ಟೆ."

"ರಕ್ತ ಕುಡೀತಾನಾ? ಶಿವಶಿವಾ!"

"ನಮ್ಮೂರಿಗ್ ಬರಾಕಿಲ್ಲ ಬುಡಿ. ನಿಮ್ಮೆಲ್ಲರ ಹಿಮೋಗ್ಲೋಬಿನ್ ನಾನ್ ನೋಡಿಲ್ವಾ? ಉಪವಾಸ ಬಿದ್ದು ಸಾಯ್ತಾನೆ."

ಎಲ್ಲರೂ ನಕ್ಕರು. ವನಜಾಕ್ಷಿ ಮೊದಲ ಪುಟ ಓದಿದಳು. ಬೆಟ್ಟದ ಮೇಲೊಂದು ಬಂಗಲೆ. ಅದರಲ್ಲಿ ಸಾಯದ ಒಬ್ಬ ಗಂಡಸು. ಕೆಳಗಿನ ಊರಿಗೆ ಹೊಸದಾಗಿ ಬಂದ ಶೈಲಜಾ ಎಂಬ ಟೀಚರು ಮನೆಯ ಬಾಗಿಲಲ್ಲಿ ದೀಪ ಇಡುತ್ತಾಳೆ, ಅವನು ಬೇಲಿಯಾಚೆ ನಿಂತು ನೋಡುತ್ತಾನೆ. ಅಷ್ಟರಲ್ಲಿ ಪುಟ ಮುಗಿಯಿತು. ನನಗೆ ಕೊಡು, ನನಗೆ ಕೊಡು ಎಂದು ಜಗಲಿಯಲ್ಲಿ ಗಲಾಟೆಯಾಯಿತು. ಒಬ್ಬಳು ಮಗಳಿಗೆ ಬೇಕೆಂದಳು, ಒಬ್ಬಳು ಸೊಸೆಯ ಕೈಲಿ ಓದಿಸಿ ಕೇಳುತ್ತೇನೆಂದಳು.

ಲೋಹಿತಾ ಎದ್ದು ಒಳಗೆ ಹೋದಳು. ಈಳಿಗೆಮಣೆ ತಂದು ನೆಲಕ್ಕಿಟ್ಟು, ಒಂದು ಕಾಲಿನಿಂದ ಅದುಮಿ, ಪುಸ್ತಕದ ಬೆನ್ನನ್ನು ಅಲಗಿನ ಮೇಲಿಟ್ಟು ಒತ್ತಿದಳು. ಹಳೆಯ ಅಂಟು ಬಿಟ್ಟುಕೊಂಡು ಪುಸ್ತಕ ಕಟ್ಟುಕಟ್ಟಾಗಿ ಬೇರೆಯಾಯಿತು.

"ಒಬ್ಬೊಬ್ಬರು ಒಂದೊಂದು ಕಟ್ಟು," ಎಂದಳು. "ಓದಿ ಪಕ್ಕಕ್ಕೆ ಕೊಡೋದು."

ಹುಣಸೆಹಣ್ಣಿನ ಸಾಲಿಗೆ ಅದು ಸರಿಯಾದ ಮಾತೇ. ಆದರೂ ಯಾರೂ ಕಟ್ಟಿಗೆ ಕೈ ಚಾಚಲಿಲ್ಲ. ಯಾಕೆಂದರೆ ಅಶ್ವತ್ಥ ಹಣ್ಣಿನ ಮೂಟೆ ಹೊತ್ತು ಅಂಗಳಕ್ಕೆ ಬಂದಿದ್ದ. ಅಪ್ಪ ಬೈಲಪ್ಪನ ಭುಜ ಹಿಡಿದುಕೊಂಡಿತ್ತೆಂದು ಅವನು ರಜ ಹಾಕಿ ಮರ ಬಡಿಯಲು ಬಂದಿದ್ದ. ಮೂಟೆ ಇಳಿಸಿ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತ.

"ಅದು ನನ್ನ ಬುಕ್ಕಲ್ವಾ?"

"ಆಗಿತ್ತು ಕಣಣ್ಣ," ಎಂದಳು ವನಜಾಕ್ಷಿ. "ಈಗ ಐದಾಗೈತೆ."

"ಯಾರು ಕುಯ್ದೋರು?"

"ನಾನು," ಎಂದಳು ಲೋಹಿತಾ.

ಅವನು ಅವಳನ್ನು ನೋಡಿದ. ಕೊರಟಗೆರೆ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದವರು. ಅವನು ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದ, ಅವಳು ಮುಂದಿನ ಸೀಟಿನಲ್ಲಿ ಕೂತು ಯಾವ ಜೋಕಿಗೂ ಎಲ್ಲರಿಗಿಂತ ಮೊದಲು ನಗುತ್ತಿದ್ದಳು. ಆ ನಗು ಹುಡುಕುವವನಂತೆ ಅವಳ ಮುಖದಲ್ಲಿ ಅವನ ಕಣ್ಣು ಒಂದು ಗಳಿಗೆ ಓಡಾಡಿತು. ಅವಳ ಮಣಿಕಟ್ಟಿಗೆ ಒಂದು ಹುಣಸೆಬೀಜ ಅಂಟಿಕೊಂಡಿತ್ತು.

"ಸಲೀಸಾಗಿ ಕುಯ್ದಿದೀರ. ಕುಂಬಳಕಾಯಿ ಕುಯ್ದಂಗೆ."

ಹೆಂಗಸರು ನಕ್ಕರು. ಅವಳು ನಗಲಿಲ್ಲ.

"ವಾಪಸ್ ರೂಮಲ್ಲಿ ಇಡ್ಬೇಕು ಅದನ್ನ. ಓದೋರು ಕಾಯ್ತಾವ್ರೆ."

"ಎಲ್ಲರದೂ ಆದ ಮೇಲೆ ಹೊಲಿದು ಕೊಡ್ತೀನಿ. ಬೇರೆ ಏನ್ ಮಾಡ್ಬೇಕು ಹೇಳಿ, ಮಾಡ್ತೀನಿ."

ಅವಳ ದನಿಯಲ್ಲಿ ತಪ್ಪೊಪ್ಪಿಗೆಯೂ ಇರಲಿಲ್ಲ, ಬಿಂಕವೂ ಇರಲಿಲ್ಲ. ಅವನಿಗೆ ಆ ದನಿಯನ್ನು ಹೇಗಾದರೂ ಕದಲಿಸಬೇಕು ಅನ್ನಿಸಿರಬೇಕು.

"ನಮ್ಮನೆ ಮುಂದೆ ಒಂದು ಹುಣಸೆಮರ ಐತೆ," ಎಂದ. "ಅದನ್ನ ಬಿಡಿಸೋ ದಿನ ಮುಯ್ಯಿ ಬನ್ನಿ. ಲೆಕ್ಕ ಸರಿ ಹೋಗ್ತದೆ."

ನಗು ಸ್ವಲ್ಪ ತಡವಾಗಿ ಬಂತು, ಬೇಗ ನಿಂತಿತು. ಆ ಬೀದಿಗೂ ಕಾಲೋನಿಗೂ ಕೂಲಿಯ ಸಂಬಂಧವಿತ್ತು. ಮುಯ್ಯಿ ಇರಲಿಲ್ಲ. ಒಳಗಿನಿಂದ ರೇಣುಕಯ್ಯನವರ ದನಿ ಬಂತು: "ಲೇ ಅಶ್ವತ್ಥ, ಮಾತು ನೋಡ್ಕಂಡು ಆಡ್ಲಾ." ಅವರೂ ನಗುತ್ತಲೇ ಹೇಳಿದ್ದರು, ಆದರೆ ಹೇಳಿದ್ದರು.

ಅಶ್ವತ್ಥ ಟವೆಲ್ಲು ಹೆಗಲಿಗೆ ಹಾಕಿಕೊಂಡು ತಿರುಗಿದ.

"ಆಗ್ಲಿ," ಎಂದಳು ಲೋಹಿತಾ. "ಬರ್ತೀನಿ."

ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗೀಗ ಏನು ಕೇಳಿದರೂ ಅವಳು ಆಗ್ಲಿ ಅನ್ನುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು.

*

ಕಟ್ಟುಗಳು ವನಜಾಕ್ಷಿಯ ಬ್ಯಾಗಿನಲ್ಲಿ ಕಬ್ಬಿಣದ ಮಾತ್ರೆಗಳ ಜೊತೆ ಓಡಾಡಿದವು. ಪುಸ್ತಕ ತಂದವನೆಂಬ ಮರ್ಯಾದೆಗೆ ಪ್ರತಿ ಕಟ್ಟನ್ನೂ ಮೊದಲು ಅಶ್ವತ್ಥ ಓದುವುದು, ಆಮೇಲೆ ಲೋಹಿತಾ, ಆಮೇಲೆ ಉಳಿದವರು ಎಂದಾಯಿತು. ಅವನು ರಜ ಮುಗಿಸಿ ತಿರುಮಣಿಗೆ ಹೋದರೂ ವಾರದ ರಜೆಗೆ ಪಾವಗಡದ ಬಸ್ಸು ಹತ್ತಿ, ಮಧುಗಿರಿಯಲ್ಲಿ ಇಳಿದು, ಊರಿಗೆ ಬಂದು ರೇಣುಕಯ್ಯನವರ ಮರ ಬಡಿಯುತ್ತಿದ್ದ. ಬರುವಾಗ ಓದಿದ ಕಟ್ಟು ತರುತ್ತಿದ್ದ.

ಮಧ್ಯಾಹ್ನ ಪಾತ್ರೆ ತೊಳೆದು ಅಡುಗೆಮನೆಯ ಹೊಸ್ತಿಲಿಗೆ ಒರಗಿ ಲೋಹಿತಾ ಓದುತ್ತಿದ್ದಳು. ಹೆದರಿಕೆಯಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಅವಳಿಗೆ ಆಗಲಿಲ್ಲ. ಆ ಬಂಗಲೆಯವನಿಗೆ ಚಳಿ ಗೊತ್ತಾಗುತ್ತಿರಲಿಲ್ಲ, ರುಚಿ ಗೊತ್ತಾಗುತ್ತಿರಲಿಲ್ಲ, ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ಅದನ್ನೆಲ್ಲ ಅವಳು ಪಕ್ಕದ ಮನೆಯವರ ಸುದ್ದಿ ಓದುವಂತೆ ಓದಿದಳು. ಒಂದು ಕಡೆ ಮಾತ್ರ ನಿಂತಳು. ಬಂಗಲೆಯವನು ಯಾರ ಮನೆಯೊಳಗೂ ತಾನಾಗಿ ಕಾಲಿಡುವಂತಿಲ್ಲ, ಮನೆಯವರು ಕರೆಯಬೇಕು. ಶೈಲಜಾ ಟೀಚರ ಮನೆಯ ಹೊರಗೆ ಅವನು ಮಳೆಯಲ್ಲಿ, ಮಂಜಿನಲ್ಲಿ ನಿಂತೇ ಇರುತ್ತಾನೆ. ಅವಳು ಕಿಟಕಿಯಿಂದ ನೋಡುತ್ತಾಳೆ, ಕರೆಯುವುದಿಲ್ಲ.

ಆ ಪುಟದ ಅಂಚಿನಲ್ಲಿ ಗ್ರೀಸಿನ ಹೆಬ್ಬೆರಳ ಗುರುತಿತ್ತು. ಅವಳಿಗಿಂತ ಮೊದಲು ಓದಿದವನೂ ಅಲ್ಲೇ ನಿಂತಿದ್ದ.

ಮರದಡಿ ಆಳುಗಳಿಗೆ ಮಜ್ಜಿಗೆ ಕೊಂಡೊಯ್ಯುವುದು ಆ ವಾರ ಅವಳ ಕೆಲಸವಾಯಿತು. ಅಲ್ಲಿನ ರೂಢಿ ಎಂದರೆ ಎತ್ತರದಿಂದ ಸುರಿಯುವುದು, ಕುಡಿಯುವವರು ಬೊಗಸೆ ಒಡ್ಡುವುದು. ಅಶ್ವತ್ಥ ಮರದಿಂದ ಇಳಿದು ಬಂದು ಬೊಗಸೆ ಒಡ್ಡಿದ. ಕೂದಲಲ್ಲಿ ಹುಣಸೆ ಎಲೆಗಳು ಸಿಕ್ಕಿಕೊಂಡಿದ್ದವು.

"ಎರಡನೇ ಕಟ್ಟು ಓದಿದ್ರಾ?" ಎಂದ, ಗದ್ದ ಒರೆಸಿಕೊಳ್ಳುತ್ತ.

"ಹ್ಞೂಂ."

"ಹೆಂಗನ್ನುಸ್ತು?"

"ಪಾಪ ಅನ್ನುಸ್ತು."

"ಟೀಚರ್ ಮ್ಯಾಲಾ?"

"ಅವನ ಮೇಲೆ. ಕರಿಯೋವರ್ಗೂ ಹೊರಗೇ ನಿಂತಿರ್ಬೇಕಲ್ಲ."

ಅಶ್ವತ್ಥ ನಕ್ಕ. "ಅದೇನ್ ದೊಡ್ಡದು ಬುಡಿ. ನಮ್ಗೆ ಅಭ್ಯಾಸ ಇರೋದೇ..." ಎಂದವನು ನಿಲ್ಲಿಸಿ, ಬೊಗಸೆ ನೋಡಿಕೊಂಡ. ಕೈಯಿಂದ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು. ಆಮೇಲೆ ಮಾತು ಬದಲಿಸಿ, "ನಾನ್ ಕೆಲ್ಸ ಮಾಡೋ ಕಡೆ ಅವನು ಬಂದ್ರೆ ಗತಿ ಏನು ಹೇಳಿ? ಕಣ್ಣಿಗೆ ಕಾಣೋವಷ್ಟೂ ಪ್ಯಾನೆಲ್ಲು, ಬಿಸಿಲು. ಬೂದಿ ಆಗೋಗ್ತಾನೆ," ಎಂದ.

"ಅದಕ್ಕೇ ಅಲ್ಲಿ ಯಾರೂ ಇಲ್ವಾ ಅಂಥೋರು?"

"ಒಬ್ಬನೂ ಇಲ್ಲ. ಎಲ್ಲಾ ಊರೊಳಗವ್ರೆ."

ಅವಳ ತುಟಿ ಏನೋ ಮಾಡಹೊರಟಿತು. ನಗುವಿನಷ್ಟು ದೂರ ಹೋಗಲಿಲ್ಲ. ಅವನು ಮಾತ್ರ ಅದನ್ನು ನೋಡಿದ. ಮರ ಹತ್ತುವಾಗ ಮತ್ತೊಮ್ಮೆ ತಿರುಗಿ ನೋಡಿ, ಹಿಡಿಯಬೇಕಾದ ಕೊಂಬೆ ತಪ್ಪಿ, ಮೊಣಕೈ ತರಚಿಕೊಂಡ.

ಮುಂದಿನ ವಾರ ಅವಳು ಮಜ್ಜಿಗೆಯ ಜೊತೆ ಮನೆಯ ಸ್ಟೀಲ್ ಲೋಟ ತಂದಳು. ಮನೆಗೆ ಬಂದ ಆಳುಗಳಿಗೆ ಕೊಡುವ ಲೋಟ ಹೊರಗೋಡೆಯ ಗೂಡಿನಲ್ಲಿರುತ್ತದೆ. ಇದು ಒಳಗಿನದು, ಅವಳ ಅಪ್ಪನ ಹೆಸರು ಕೊರೆಸಿದ್ದು. ಅಶ್ವತ್ಥ ಹೆಸರು ಓದಿದ. ಲೋಟವನ್ನು ಕಚ್ಚಿಕೊಂಡೇ ಕುಡಿದ, ಆಮೇಲೆ ತೊಳೆಯಲು ನೀರು ಹುಡುಕಿದ.

"ಕೊಡಿ. ಮನೇಲಿ ತೊಳೀತೀನಿ," ಎಂದಳು.

ಲೋಟ ಕೊಡುವಾಗ ಅವನು ಅದರ ಬುಡ ಹಿಡಿದಿದ್ದ, ಅವಳು ಕಂಠ ಹಿಡಿದಳು. ಬೆರಳು ತಾಗಲಿಲ್ಲ.

"ಮೂರನೇ ಕಟ್ಟಲ್ಲಿ ಒಂದು ಪುಟದ ಮೇಲೆ ಕೆಂಪಗೆ ಕಲೆ ಇತ್ತು," ಎಂದ ಅವನು ಮೆಲ್ಲಗೆ. ಉಳಿದ ಆಳುಗಳು ಬೀಡಿ ಹಚ್ಚಲು ಆಚೆ ಹೋಗಿದ್ದರು. ಲೋಹಿತಾ ಓದಿ ಕೊಟ್ಟ ಆ ಕಟ್ಟು ವನಜಾಕ್ಷಿಯ ಬ್ಯಾಗಿನಿಂದ ಅವನ ಕೈಗೂ ಮತ್ತೊಮ್ಮೆ ಬಂದು ಹೋಗಿತ್ತು. "ರಕ್ತ ಅಂದ್ಕೊಂಡೆ. ಕತೆ ಅಂಥಾದ್ದಲ್ವಾ. ಆಮೇಲೆ ನಾಲಿಗೇಲಿ ಮುಟ್ಟಿ ನೋಡ್ದೆ."

"ಮುಟ್ಟಿ?"

"ಹುಳಿ ಇತ್ತು."

ಅವನ ಕಣ್ಣಲ್ಲಿ ತುಂಟತನವೂ ಇತ್ತು, ಹೇಳಬಾರದ್ದನ್ನು ಹೇಳಿದೆನೇನೋ ಎಂಬ ಅಂಜಿಕೆಯೂ ಇತ್ತು. ಲೋಹಿತಾ ಲೋಟ ಎತ್ತಿಕೊಂಡು ಬದುವಿನ ಮೇಲೆ ನಡೆದಳು. ಎದೆಯಲ್ಲಿ ಏನಾದರೂ ಆಯಿತೇ ಎಂದು, ನೋವಿರುವ ಹಲ್ಲನ್ನು ನಾಲಿಗೆಯಿಂದ ತಡವುವಂತೆ ತಡವಿ ನೋಡಿದಳು. ಏನೂ ಇರಲಿಲ್ಲ. ಆದರೆ ಅವತ್ತು ಮಧ್ಯಾಹ್ನ ನಾಲ್ಕನೆಯ ಕಟ್ಟು ಕೈಗೆ ಬಂದಾಗ, ಜಗಲಿಯಿಂದ ಎದ್ದವಳು ಕೈ ತೊಳೆಯದೆಯೇ ಪುಟ ತಿರುಗಿಸಿದಳು. ತೊಳೆಯಬೇಕೆಂದು ಗೊತ್ತಿತ್ತು. ತೊಳೆಯಲಿಲ್ಲ.

*

ರೇಣುಕಯ್ಯನವರ ಮರಗಳು ಮುಗಿದವು. ಹಣ್ಣು ಕುಟ್ಟಿ, ಉಂಡೆ ಕಟ್ಟಿ, ಅಟ್ಟಕ್ಕೇರಿಸಿದ್ದಾಯಿತು. ಶಿವರಾತ್ರಿಯೂ ಆಗಿಹೋಯಿತು. ಅಶ್ವತ್ಥ ಊರಿಗೆ ಬರಲು ಕಾರಣವಿರಲಿಲ್ಲ. ಕೊನೆಯ ಕಟ್ಟು ಅವನ ಬಳಿಯೇ ಉಳಿದಿತ್ತು. ನಾಲ್ಕು ಕಟ್ಟುಗಳು ಒಂದೊಂದಾಗಿ ವಾಪಸ್ ಬಂದು ಲೋಹಿತಾಳ ಗೂಡಿನಲ್ಲಿ ಕೂತವು. ಶೈಲಜಾ ಟೀಚರ್ ಬಾಗಿಲ ಬಳಿ ಬಂದು, ಅಗುಳಿಯ ಮೇಲೆ ಕೈಯಿಟ್ಟಲ್ಲಿಗೆ ನಾಲ್ಕನೆಯದು ನಿಂತಿತ್ತು.

"ಅವನೇನು ಅದನ್ನ ಉಪ್ಪಿನಕಾಯಿ ಹಾಕ್ತಾವ್ನಾ?" ಎಂದು ಬೀದಿಯ ಹೆಂಗಸರು ವನಜಾಕ್ಷಿಯನ್ನು ಬೈದರು. "ಬಾಗಿಲು ತೆಗೆದ್ಲೋ ಇಲ್ವೋ ಗೊತ್ತಾಗ್ದೆ ನಿದ್ದೆ ಬರಾಕಿಲ್ಲ."

ವನಜಾಕ್ಷಿ ಲೋಹಿತಾಳ ಪಕ್ಕಕ್ಕೆ ಸರಿದು, "ಶುಕ್ರವಾರ ಬರ್ತಾವ್ನೆ," ಎಂದಳು. "ದೊಡ್ಡವ್ವನ ಮನೆ ಹುಣಸೇಹಣ್ಣು ಬಿಡಿಸ್ತಾರೆ ಅವತ್ತು. ನಾನೂ ಹೋಗ್ತೀನಿ." ಸ್ವಲ್ಪ ಹೊತ್ತು ಬ್ಯಾಗಿನ ಜಿಪ್ಪು ಎಳೆದಾಡಿ, "ನಿಮ್ಗೆ ಹೇಳ್ಬೇಡ ಅಂದಿದ್ದ," ಎಂದಳು.

"ಏನಂತ?"

"ತಮಾಸೆಗೆ ಆಡಿದ್ ಮಾತು, ಅವ್ರಿಗೆ ನೆನಪಿರಾಕಿಲ್ಲ, ಹೇಳಿ ಮುಜುಗರ ಮಾಡ್ಬ್ಯಾಡ ಅಂದ."

ಲೋಹಿತಾ ಸೊಪ್ಪು ಸೋಸುತ್ತಿದ್ದಳು. ಕೈ ನಿಂತಿತು. ಕಿವಿಯ ಹಿಂದೆ ಬಿಸಿಯಾಯಿತು. ಅದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸಿಟ್ಟು. ಊರೆಲ್ಲ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳದಿದ್ದಾಗ ಬಾರದ ಸಿಟ್ಟು, ಅವನೊಬ್ಬ ಹಾಗಂದುಕೊಂಡನೆಂದು ಬಂದಿತ್ತು.

"ನೆನಪೈತೆ ಅಂತ ಹೇಳು," ಎಂದಳು.

"ಅಯ್ಯೋ ಬ್ಯಾಡಿ ಕಣಕ್ಕ. ನಿಮ್ಮ ಅಪ್ಪಾರು..."

"ಹೇಳೋದೂ ಬೇಡ ಬಿಡು. ಬರ್ತೀನಲ್ಲ."

ರೇಣುಕಯ್ಯ ಕೆಟ್ಟವರಲ್ಲ. ಬೈಲಪ್ಪನನ್ನು ಭುಜ ತೋರಿಸಲು ಮಧುಗಿರಿಯ ಡಾಕ್ಟರ ಬಳಿ ತಾವೇ ಕರೆದೊಯ್ದಿದ್ದರು. ಆದರೆ ಶುಕ್ರವಾರ ಬೆಳಿಗ್ಗೆ ಮಗಳು ಹಳೇ ಸೀರೆ ಉಟ್ಟು, ನಾಲ್ಕು ಕಟ್ಟುಗಳನ್ನೂ ಗೋಣಿ ಹೊಲಿಯುವ ದಬ್ಬಳವನ್ನೂ ಚೀಲಕ್ಕೆ ಹಾಕಿಕೊಳ್ಳುವುದನ್ನು ಕಂಡು ವಿಭೂತಿ ಹಚ್ಚುತ್ತಿದ್ದ ಅವರ ಕೈ ಹಣೆಯ ಮೇಲೇ ನಿಂತಿತು.

"ಎಲ್ಲಿಗೆ?"

"ಬೈಲಪ್ಪನೋರ ಮನೆಗೆ. ಮುಯ್ಯಿ."

"ಹುಚ್ಚು ಹಿಡೀತೇನೆ ನಿಂಗೆ? ಬೇಕಾದ್ರೆ ಒಂದಾಳಿನ ಕೂಲಿ ಕಳಿಸ್ತೀನಿ ಅವರಿಗೆ."

"ಮುಯ್ಯಿಗೆ ಕೂಲಿ ಸಲ್ಲಲ್ಲ ಅಪ್ಪಾಜಿ. ನೀವೇ ಹೇಳೋದು."

"ಅದು ನಮ್ಮ ನಮ್ಮೊಳಗೆ ಕಣೇ! ನೀನು ಹೋಗಿ ಅಲ್ಲಿ ಕೂತ್ರೆ ಬರೋ ವರ್ಷ ನಮ್ಮ ಜಗಲಿಗೆ ಒಬ್ಬರೂ ಮುಯ್ಯಿ ಬರಾಕಿಲ್ಲ. ಗೊತ್ತೈತಾ? ಹಣ್ಣು ಹುಳ ಬಿದ್ದು ಹೋಗ್ತದೆ."

ಹಾಗೆ ಆಗಬಹುದಿತ್ತು. ಅವಳು ಅದನ್ನು ಯೋಚಿಸಿದ್ದಳು. "ಮಾತು ಕೊಟ್ಟೋಳು ನಾನು," ಎಂದಳು. ದನಿ ನಡುಗಿತು. ಎರಡು ವರ್ಷದಿಂದ ಆ ಮನೆಯಲ್ಲಿ ಅವಳ ದನಿ ನಡುಗಿರಲಿಲ್ಲ. ರೇಣುಕಯ್ಯ ಹಣೆಯಿಂದ ಕೈ ಇಳಿಸಿದರು.

ಚನ್ನಮಲ್ಲಮ್ಮ ಅಡುಗೆಮನೆಯಿಂದ ಬಂದರು. ಕೈಯಲ್ಲಿ ಹರಳೆಣ್ಣೆಯ ಬಟ್ಟಲಿತ್ತು. ಗಂಡನ ಮುಖ ನೋಡಲಿಲ್ಲ. ಮಗಳ ಕೈ ಎಳೆದುಕೊಂಡು, ಅಂಗೈಗೆ, ಬೆರಳ ಸಂದಿಗೆ, ಸೀಳಿದ ತುದಿಗೆ ಎಣ್ಣೆ ತಿಕ್ಕಿದರು.

"ಹೊತ್ತಾರೆ ಕೆಲ್ಸಕ್ಕೆ ಹೋಗೋರು ಎಣ್ಣೆ ಹಚ್ಕೊಂಡ್ ಹೋಗ್ಬೇಕು," ಎಂದರು. "ಹೊತ್ತು ಮುಳುಗೋದ್ರೊಳಗೆ ಬಾ."

*

ಕಾಲೋನಿ ನೀರಿನ ಟ್ಯಾಂಕಿನಾಚೆ ಇತ್ತು. ನಲ್ಲಿಯ ಬಳಿ ನಿಂತ ಹೆಂಗಸರು ಕೊಡ ಬಿಟ್ಟು ಅವಳತ್ತ ತಿರುಗಿದರು. ಒಂದು ನಾಯಿ ಅವಳ ಹಿಂದೆಯೇ ಬಂದು, ಬೈಲಪ್ಪನ ಮನೆಯ ಮುಂದೆ ತಾನೂ ನಿಂತಿತು.

ಮರದಡಿ ಚಾಪೆ ಹಾಸಿ ಅಶ್ವತ್ಥನ ತಾಯಿ ಸಣ್ಣಕ್ಕ, ವನಜಾಕ್ಷಿ, ಇನ್ನಿಬ್ಬರು ಕೂತಿದ್ದರು. ಸಣ್ಣಕ್ಕ ಗಡಬಡಿಸಿ ಎದ್ದು, ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿದಳು.

"ಕೂತ್ಕಳಿ ತಾಯಿ. ಏನ್ ಬಂದ್ರಿ? ಅಪ್ಪಾರು ಕಳಿಸಿದ್ರಾ?"

"ಮುಯ್ಯಿ ಬಂದೆ ಸಣ್ಣಕ್ಕ. ಕುರ್ಚಿ ಮೇಲೆ ಕೂತು ಹುಣಸೇಹಣ್ಣು ಬಿಡಿಸೋಕಾಗ್ತದಾ?"

ಚಾಪೆಯ ಕೊನೆಗೆ ಕೂತು ಮಂಕರಿ ಎಳೆದುಕೊಂಡಳು. ಮೊದಮೊದಲು ಎಲ್ಲರೂ ತಲೆ ತಗ್ಗಿಸಿ ಹಣ್ಣು ಬಿಡಿಸಿದರು. ಸಿಪ್ಪೆ ಒಡೆಯುವ ಸದ್ದು ಮಾತ್ರ. ಆಮೇಲೆ ವನಜಾಕ್ಷಿಗೆ ತಡೆಯಲಾಗಲಿಲ್ಲ. "ಅಕ್ಕ ಬಂದವ್ರೆ ಅಂತ ಎಲ್ಲಾ ಸತ್ತೋರ ಮನೆ ಮಾಡ್ಬುಟ್ರಲ್ಲ! ಏ ದೊಡ್ಡವ್ವ, ನಾರು ಬುಟ್ಟು ಹಣ್ಣು ಕೊಡ್ತಿದೀಯ, ನೋಡ್ಕಂಡು ಕೊಡು. ಬೀಜ ಬಿಡಿಸೋರು ದೊಡ್ಡ ಮನುಷ್ರು." ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲ ಮಾಮೂಲಾಯಿತು.

ಅಶ್ವತ್ಥ ಖಾಲಿ ಚೀಲಗಳನ್ನು ಹೊತ್ತು ಹಿತ್ತಲಿನಿಂದ ಬಂದ. ಅವಳನ್ನು ಕಂಡು ನಿಂತ. ಚೀಲಗಳು ಒಂದೊಂದಾಗಿ ಜಾರಿ ಬಿದ್ದವು. ಎತ್ತಿಕೊಳ್ಳಲಿಲ್ಲ.

"ವನಜಾ ಹೇಳಿದ್ಲಾ?"

"ಹೇಳ್ಬೇಡ ಅಂತ ನೀವು ಹೇಳಿದ್ದನ್ನ ಹೇಳಿದ್ಲು."

"ನಾನೇನೋ... ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ."

"ನನ್ನ ಮಾತು ನನಗೆ ನೆನಪಿರಲ್ಲ ಅಂತ ನೀವು ಹೆಂಗೆ ಅಂದ್ಕೊಂಡ್ರಿ?"

ಅವಳ ಕಣ್ಣಲ್ಲಿ ಸಿಟ್ಟಿತ್ತು. ಅವನು ಅದನ್ನು ನೋಡುತ್ತಲೇ ಇದ್ದ. ಕಾಲೇಜಿನ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಹಿಂದಿನ ಬಾಗಿಲವರೆಗೂ ಬರುತ್ತಿದ್ದ ನಗುವನ್ನು ಅವನು ಹೀಗೇ ನೋಡುತ್ತಿದ್ದ.

"ತಪ್ಪಾಯ್ತು," ಎಂದ. ಮುಖದ ತುಂಬ ಸಂತೋಷವಿತ್ತು.

"ನಗ್ಬೇಡಿ."

"ನಗ್ತಿಲ್ಲ ಕಣ್ರಿ."

"ಬಾಯಿ ಮುಚ್ಕೊಂಡು ನಗ್ತಾವ್ನೆ," ಎಂದಳು ವನಜಾಕ್ಷಿ ಹಣ್ಣಿನಿಂದ ತಲೆಯೆತ್ತದೆ.

ಹೊತ್ತು ನೆತ್ತಿಗೆ ಬಂದಾಗ ಕೆಲಸ ತುಸು ನಿಂತಿತು. ಉಳಿದವರು ಮರದಾಚೆ ರಾಗಿ ಅಂಬಲಿಗೆ ಎದ್ದರು. ಲೋಹಿತಾ ಚೀಲದಿಂದ ನಾಲ್ಕು ಕಟ್ಟುಗಳನ್ನು ತೆಗೆದು ಜೋಡಿಸಿ, ದಬ್ಬಳಕ್ಕೆ ದಾರ ಪೋಣಿಸಿದಳು. ಅಶ್ವತ್ಥ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕಟ್ಟುಗಳನ್ನು ಅಲುಗದಂತೆ ಹಿಡಿದ.

"ಐದನೇದು ಎಲ್ಲಿ?"

"ಒಳಗೈತೆ."

"ಏನಾಗ್ತದೆ ಅದರಲ್ಲಿ? ಕರೀತಾಳಾ?"

"ಗೊತ್ತಿಲ್ಲ. ಓದಿಲ್ಲ."

ಅವಳು ತಲೆಯೆತ್ತಿದಳು. "ಇಷ್ಟು ದಿನ ಇಟ್ಕೊಂಡು?"

"ರೂಮಲ್ಲಿ ದಿನಾ ತೆಗೀತಿದ್ದೆ. ಅವಳು ಬಾಗಿಲು ತೆಗೀದೇ ಹೋದ್ರೆ ಅಂತ ಮತ್ತೆ ಮುಚ್ಚಿಡ್ತಿದ್ದೆ." ಅವನು ಕಟ್ಟಿನ ಅಂಚನ್ನು ಹೆಬ್ಬೆರಳಲ್ಲಿ ನೇವರಿಸಿದ. "ಒಬ್ನೇ ತಿಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ. ನೀವು ಜೊತೇಲಿರೋವಾಗ ಓದಾನಾ ಅಂತ. ಇದೆಂಥಾ ಆಸೆ ಅಂ‌ತ ನಂಗೇ ನಾಚ್ಕೆ ಆಗಿ, ವನಜಾಗೆ ಹಂಗಂದೆ."

ಅವನು ಹೇಳಿದ್ದು ಅಷ್ಟೇ. ಅವಳ ಕೈಯಲ್ಲಿ ದಬ್ಬಳ ಅಡ್ಡಾದಿಡ್ಡಿ ಹೋಗಿ, ನಾಲ್ಕು ಕಟ್ಟು ತೂರಿ, ಸೀಳಿದ್ದ ಬೆರಳಿಗೇ ಚುಚ್ಚಿತು. ರಕ್ತದ ಹನಿಯೊಂದು ದುಂಡಗೆ ನಿಂತಿತು. ಬೆಳಗಿನಿಂದ ಬಿಡಿಸಿದ ಹುಣಸೆಯ ಹುಳಿ ಕೈತುಂಬ ಇತ್ತು. ಅವ್ವನ ಎಣ್ಣೆ ಯಾವಾಗಲೋ ಒರೆಸಿಹೋಗಿತ್ತು.

"ರಕ್ತ," ಎಂದ ಅಶ್ವತ್ಥ. "ಬಂಗಲೆಯವನಾಗಿದ್ರೆ ಈಗ..." ತಮಾಷೆ ಅರ್ಧಕ್ಕೇ ನಿಂತಿತು.

"ಉರೀತಿದೆ," ಎಂದಳು ಲೋಹಿತಾ.

ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. "ಉರೀತಿದೆ ಕಣ್ರಿ," ಎಂದಳು ಮತ್ತೆ, ಯಾರೋ ನಂಬುವುದಿಲ್ಲ ಎಂಬಂತೆ. ಕಣ್ಣಿಂದ ನೀರು ಬಂತು. ಮೊದಲು ಬೆರಳಿಗೆ ಬಂದದ್ದು. ಆಮೇಲೆ ಸಿರಾದ ಮನೆಯ ಅಡುಗೆಕೋಣೆಗೆ, ತೊಳೆದ ಅಕ್ಕಿಗೆ, ಕುಕ್ಕರಿನ ಸೀಟಿಗೆ, ಸಂಜೆ ಬೇಗ ಬರ್ತೀನಿ ಎಂದು ಬೆಳಿಗ್ಗೆ ಬೈಕು ಹತ್ತಿದ್ದ ಪ್ರಸನ್ನಕುಮಾರನಿಗೆ ಬಂದದ್ದು. ಅವಳು ಸದ್ದು ಮಾಡದೆ, ತಲೆ ತಗ್ಗಿಸಿ, ಹುಣಸೆಮರದಡಿ ಚಾಪೆಯ ಮೇಲೆ ಅತ್ತಳು. ಅಶ್ವತ್ಥ ಕಟ್ಟುಗಳನ್ನು ಹಿಡಿದ ಕೈ ಬಿಡಲಿಲ್ಲ. ಅವಳ ಮೈಯನ್ನು ಮುಟ್ಟಲಿಲ್ಲ, ಅಳಬೇಡಿ ಎನ್ನಲಿಲ್ಲ. ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿದ್ದ.

ಸಣ್ಣಕ್ಕ ಅಂಬಲಿ ಬಟ್ಟಲು ಕೆಳಗಿಟ್ಟು ಓಡಿ ಬಂದಳು. "ಏನಾಯ್ತವ್ವಾ? ಕೈ ತೊಳ್ಕಳಿ ಬನ್ನಿ, ನೀರು..." ಎಂದವಳು ಬಾಗಿಲವರೆಗೆ ಹೋಗಿ ಗಕ್ಕನೆ ನಿಂತಳು. ನೀರಿನ ಹಂಡೆ ಒಳಗಿತ್ತು. ಹೊರಗೇ ಚೊಂಬಿನಲ್ಲಿ ತಂದು ಕೊಡುವುದೋ, ಒಳಗೆ ಬಾ ಎನ್ನುವುದೋ ತಿಳಿಯದೆ ಮಗನ ಮುಖ ನೋಡಿದಳು. ರೇಣುಕಯ್ಯನವರ ಬೀದಿಯ ಹೆಣ್ಣುಮಗಳೊಬ್ಬಳು ಆ ಹೊಸ್ತಿಲು ದಾಟಿದ್ದನ್ನು ಅವಳು ಕಂಡಿರಲಿಲ್ಲ.

ಲೋಹಿತಾ ಎದ್ದು ಹೊಸ್ತಿಲ ಬಳಿ ಹೋಗಿ ನಿಂತಳು. ಒಳಗೆ ತಂಪಾಗಿತ್ತು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಗೂಡಿನಲ್ಲಿ ಐದನೆಯ ಕಟ್ಟು. ಅವಳು ಕಾಲೆತ್ತಲಿಲ್ಲ. ಒದ್ದೆ ಮುಖ ತಿರುಗಿಸಿ ಅಶ್ವತ್ಥನನ್ನು ನೋಡಿದಳು.

"ಕರೀದೆ ಬರೋ ಹಂಗಿಲ್ಲ," ಎಂದಳು.

ಅವನು ಎದ್ದು ಬಂದ. ಕರೆಯಲಿ ಎಂದು ಹೊರಗೆ ನಿಂತು ಕಾದು ಅವನಿಗೆ ಗೊತ್ತಿತ್ತು, ತಾನೇ ಕರೆದು ಗೊತ್ತಿರಲಿಲ್ಲ.

"ಒಳಗೆ ಬಾ, ಲೋಹಿತಾ."

ಅವಳು ಹೊಸ್ತಿಲು ದಾಟಿದಳು. ಸಣ್ಣಕ್ಕ ಹಂಡೆಯಿಂದ ಚೊಂಬು ಅದ್ದಿ, ಅವಳ ಕೈಯನ್ನು ತನ್ನ ಕೈಯಲ್ಲೇ ಹಿಡಿದು ನೀರು ಹೊಯ್ದಳು. ಕಂದು ನೀರು ನೆಲದ ಮೇಲೆ ಹರಿಯಿತು. ಉರಿ ಮಾತ್ರ ಹೋಗಲಿಲ್ಲ.

ಅಶ್ವತ್ಥ ಗೂಡಿನಿಂದ ಐದನೆಯ ಕಟ್ಟು ತೆಗೆದು ಅವಳ ಮುಂದೆ ಹಿಡಿದ. "ತಗೊಳ್ಳಿ. ಈಗಲೇ ಓದಾನಾ?"

ಮತ್ತೆ ಬಹುವಚನಕ್ಕೆ ಬಂದಿದ್ದ. ಅವಳು ಸೆರಗಿನಿಂದ ಬೆರಳು ಒತ್ತಿಕೊಂಡು ತಲೆಯಾಡಿಸಿದಳು.

"ಮುಯ್ಯಿ ಇವತ್ತಿಗೆ ತೀರ್ತದೆ. ಇದೂ ತೀರಿದ್ರೆ ನಾನು ಮತ್ತೆ ಯಾವ ನೆವಕ್ಕೆ ಬರ್ಲಿ?"

"ತಿರುಮಣಿ ಹುಡುಗರು ಬುಕ್ಕು ಕೇಳ್ತಾವ್ರೆ."

"ಹೊಲಿಯೋದು ಇನ್ನೂ ಐತೆ ಅನ್ನಿ."

ಹೊರಗೆ ವನಜಾಕ್ಷಿ, "ಅಕ್ಕೋ, ಬೀಜ ಬಿಡಿಸೋರಿಲ್ದೆ ಹಣ್ಣು ಗುಡ್ಡೆ ಬಿದ್ದೈತೆ!" ಎಂದು ಕೂಗಿದಳು. ಅಶ್ವತ್ಥ ಕಟ್ಟನ್ನು ಬಿಡಿಸದೆ, ಬುದ್ಧನ ಪಟದ ಕೆಳಗೆ ಮತ್ತೆ ಇಟ್ಟ. ಲೋಹಿತಾ ಹೋಗಿ ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತು ಮಂಕರಿ ಎಳೆದುಕೊಂಡಳು. ಮೊದಲ ಹಣ್ಣು ಮುಟ್ಟಿದೊಡನೆ ಬೆರಳು ಚುರ್ ಎಂದಿತು. ಅವಳು ಹಲ್ಲು ಕಚ್ಚಿ, ಬೀಜ ಬಿಡಿಸಿ, ಇನ್ನೊಂದಕ್ಕೆ ಕೈ ಚಾಚಿದಳು.